ಎರಡು ಹಳಿಯಾಳ

ಬೆಳಿಗ್ಗೆ ಚುರಮುರಿ ಸುಸಲಾದ ತಟ್ಟೆಗೆ ಕೈ ಹಾಕಿದ್ದೆ. ಆಗ ನಾನು ತೀರಿಕೊಂಡ ಸುದ್ದಿ ಬಂತು.

ಗಾಬರಿಯಾಗಬೇಡಿ, ನನಗೂ ಆಗಲಿಲ್ಲ. ಮೊಬೈಲು ಟಿಂಗ್ ಎಂದಿತು. ನನ್ನ ಕೈಯೆಲ್ಲ ಎಣ್ಣೆ, ಹೆಂಡತಿ ಎತ್ತಿ ನೋಡಿದಳು. ನಾನು ಕಲಿತ ವಿಶ್ವವಿದ್ಯಾಲಯದ ಹಾಸ್ಟೆಲಿನವರು ಹಳೆಯ ವಿದ್ಯಾರ್ಥಿಗಳಿಗೆಲ್ಲ ಆಗಾಗ ಕಳಿಸುವ ವಾರ್ತಾಪತ್ರ ಅದು. ಯಾವ ವಿಶ್ವವಿದ್ಯಾಲಯ ಎಂದು ಕೇಳಬೇಡಿ. ಸತ್ತವನು ಯಾರ ಮೇಲೂ ದೂರು ಹೇಳಬಾರದು.

"ಇಲ್ಲಿ ನೋಡ್ರಿ, ನಿಮ್ಮ ಫೋಟೋ ಹಾಕ್ಯಾರ" ಎಂದಳು.

ನನಗೆ ಒಳಗೊಳಗೇ ಖುಷಿ. ನಿವೃತ್ತನಾದ ಮೇಲೆ ಯಾರೂ ನನ್ನ ಫೋಟೋ ಎಲ್ಲೂ ಹಾಕಿರಲಿಲ್ಲ. "ಏನಂತ ಬರದಾರ?" ಎಂದು ಕೇಳಿದೆ.

"ನೀವು ಹೋದ್ರಂತ."

"ಎಲ್ಲಿಗೆ?"

"ಎಲ್ಲಿಗೆ ಅಂತ ಬರದಿಲ್ಲ. ಸುಸಲಾ ಆರತೈತಿ, ತಿನ್ರಿ ಮೊದ್ಲ."

ಕೈ ತೊಳೆದುಕೊಂಡು ಬಂದು ನೋಡಿದೆ. ಹಾಸ್ಟೆಲಿಗೆ ಬಿಸಿನೀರಿನ ಹೊಸ ಯಂತ್ರ ಬಂದ ಸುದ್ದಿ, ಹೊಸ ಲಿಫ್ಟಿನ ಉದ್ಘಾಟನೆಯ ಸುದ್ದಿ, ಅದರ ಕೆಳಗೆ 'ನಮ್ಮನ್ನಗಲಿದವರು' ಎಂಬ ಅಂಕಣದಲ್ಲಿ ನಾನು. 'ಶ್ರೀ ಹಳಿಯಾಳ' ಎಂದಷ್ಟೇ ಹೆಸರು, ಹಾಸ್ಟೆಲಿಗೆ ಸೇರುವಾಗ ಕೊಟ್ಟ ಹಳೆಯ ಫೋಟೋ, ಕೆಳಗೆ 'ಕುಟುಂಬದವರ ಸಂಪರ್ಕಕ್ಕಾಗಿ' ಎಂದು ನನ್ನದೇ ಮೊಬೈಲ್ ನಂಬರು. ಫೋಟೋ ಎಷ್ಟು ಮಸುಕಾಗಿತ್ತೆಂದರೆ ಅದು ಯಾವ ತೆಳ್ಳಗಿನ ಹುಡುಗನದೂ ಆಗಬಹುದಿತ್ತು. ನಮ್ಮ ಕಾಲದಲ್ಲಿ ಹಾಸ್ಟೆಲ್ ಆಫೀಸು ಎಂದರೆ ಒಂದು ಕಿಟಕಿ, ಅದರ ಹಿಂದೆ ಸಿಡುಕುವ ಒಬ್ಬ ಕ್ಲಾರ್ಕು. ಈಗ ಅದರ ಹೆಸರು 'ನಿವಾಸ ಜೀವನ ವಿಭಾಗ'. ಹೆಸರಿನಲ್ಲೇ ಜೀವನ ಇಟ್ಟುಕೊಂಡವರು ನನ್ನ ಜೀವ ತೆಗೆದಿದ್ದರು.

ನನ್ನ ಅಡ್ಡಹೆಸರಿನ ಕತೆ ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮ ಕಡೆ ಊರಿನ ಹೆಸರು ಅಡ್ಡಹೆಸರಾಗುವುದು ಆ ಊರು ಬಿಟ್ಟವರಿಗೆ ಮಾತ್ರ. ಊರಲ್ಲೇ ಇದ್ದವನನ್ನು ಊರ ಹೆಸರಿನಿಂದ ಕರೆದು ಏನು ಪ್ರಯೋಜನ? ನಮ್ಮ ಅಜ್ಜನ ಅಜ್ಜ ಹಳಿಯಾಳದಿಂದ ಬೆಳಗಾವಿ ಕಡೆ ಹೋದನಂತೆ, ಅಲ್ಲಿನವರು ಅವನನ್ನು ಹಳಿಯಾಳ ಎಂದರು, ಅದೇ ಗಟ್ಟಿಯಾಯಿತು. ನಮ್ಮಪ್ಪ ಕಾಗದದ ಕಾರ್ಖಾನೆಯ ಕೆಲಸಕ್ಕೆಂದು ದಾಂಡೇಲಿಗೆ ಬಂದ. ದಾಂಡೇಲಿ ಆಗ ಹಳಿಯಾಳ ತಾಲೂಕಿನಲ್ಲೇ ಇತ್ತು. ಹೀಗೆ ನಾವು ನಾಲ್ಕು ತಲೆಮಾರು ಸುತ್ತು ಹೊಡೆದು, ಹೊರಟಲ್ಲಿಗೇ ಹತ್ತಿರ ಬಂದು, ಹಳಿಯಾಳ ಎಂಬ ಹೆಸರನ್ನು ಹಳಿಯಾಳದ ಪಕ್ಕದಲ್ಲೇ ಹೊತ್ತುಕೊಂಡು ಕೂತೆವು.

ಆದರೆ ಹಾಸ್ಟೆಲಿನಲ್ಲಿ ಅಡ್ಡಹೆಸರಿಗೆ ಬೆಲೆಯಿರಲಿಲ್ಲ. ಅಲ್ಲಿ ಯಾರು ಯಾವ ಊರಿಂದ ಬಂದರೋ ಅದೇ ಅವರ ಹೆಸರು. ನಮ್ಮ ಕೋಣೆಯಲ್ಲಿ ನಾಲ್ವರು. ನಾನು ದಾಂಡೇಲಿ. ಜೋಯಿಡಾ ತಾಲೂಕಿನ ಕುಂಬಾರವಾಡದಿಂದ ಬಂದವನು ಜೋಯಿಡಾ; ಅವನ ಊರಿಗೆ ಬಸ್ಸು ಬರುವುದೇ ಅಪರೂಪವಾದ್ದರಿಂದ ರಜೆ ಮುಗಿದು ಎಲ್ಲರೂ ಬಂದ ಮೇಲೆ ಒಂದು ದಿನ ತಡವಾಗಿ ಬರುತ್ತಿದ್ದ. ಮೂರನೆಯವನು ಮುಂಡಗೋಡ. ನಾಲ್ಕನೆಯವನ ಅಡ್ಡಹೆಸರು ಮೆಣಸಿನಕಾಯಿ, ಊರು ಹಳಿಯಾಳ. ಹಾಗಾಗಿ ಅವನು ಹಳಿಯಾಳ. ಹಾಜರಿ ಪುಸ್ತಕದಲ್ಲಿ ನಾನು ಹಳಿಯಾಳ, ಜನರ ಬಾಯಲ್ಲಿ ಅವನು ಹಳಿಯಾಳ. ಮೆಸ್ಸಿನಲ್ಲಿ "ಹಳಿಯಾಳಕ್ಕ ಇನ್ನೊಂದ್ ರೊಟ್ಟಿ ಹಾಕು" ಎಂದರೆ ರೊಟ್ಟಿ ಅವನ ತಟ್ಟೆಗೆ ಬೀಳುತ್ತಿತ್ತು. ಕಚೇರಿಯಿಂದ ಹಳಿಯಾಳನಿಗೆ ದಂಡ ಎಂದು ಚೀಟಿ ಬಂದರೆ ಅದು ನನಗೆ. "ಮುಂಡಗೋಡ ಇನ್ನೂ ಎದ್ದಿಲ್ಲ", "ದಾಂಡೇಲಿಗೆ ಜ್ವರ ಬಂದಾವ" ಎಂದು ಕಾರಿಡಾರಿನಲ್ಲಿ ಮಾತಾಡಿಕೊಳ್ಳುವುದನ್ನು ಹೊರಗಿನವರು ಕೇಳಿದ್ದರೆ ಜಿಲ್ಲೆಗೇ ಏನೋ ಬಂದಿದೆ ಎಂದುಕೊಳ್ಳುತ್ತಿದ್ದರು.

ಇರಲಿ. ಸತ್ತ ದಿನವೇ ವಿಭಾಗಕ್ಕೆ ಮಿಂಚಂಚೆ ಕಳಿಸಿದೆ: 'ಮಾನ್ಯರೆ, ನಾನು ಬದುಕಿದ್ದೇನೆ. ದಯವಿಟ್ಟು ತಿದ್ದುಪಡಿ ಪ್ರಕಟಿಸಬೇಕು.' ತಮ್ಮ ಮನವಿಯನ್ನು ಪರಿಶೀಲಿಸಲಾಗುವುದು ಎಂದು ಉತ್ತರ ಬಂತು. ಪರಿಶೀಲಿಸಲಿ. ಅಷ್ಟರಲ್ಲಿ ಸಂತಾಪ ಸೂಚಿಸುವ ಸಂದೇಶಗಳು ಶುರುವಾದವು. ಫೋನು ಯಾರೂ ಮಾಡಲಿಲ್ಲ. ಸಾವಿನ ಮನೆಗೆ ಫೋನ್ ಮಾಡುವ ಧೈರ್ಯ ಈಗ ಯಾರಿಗಿದೆ? ಕೈಮುಗಿದ ಚಿತ್ರ, ಅದರ ಪಕ್ಕ ನಾಲ್ಕು ಸಾಲು. ನಾನು ಯಾವುದಕ್ಕೂ ಉತ್ತರ ಬರೆಯಲಿಲ್ಲ. ಸತ್ತವನೇ ಉತ್ತರ ಬರೆದರೆ ಯಾರಾದರೂ ಎದೆ ಒಡೆದುಕೊಂಡಾರು, ತಿದ್ದುಪಡಿ ಬಂದಮೇಲೆ ನೋಡೋಣ ಎಂದುಕೊಂಡೆ. ನಿಜ ಹೇಳಬೇಕೆಂದರೆ ಓದಲು ಬಹಳ ಹಿತವಾಗಿತ್ತು.

'ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುತ್ತಿದ್ದ ಮನುಷ್ಯ' ಎಂದು ಒಬ್ಬರು ಬರೆದಿದ್ದರು. 'ಮೆಸ್ಸು ಬಂದ್ ಇದ್ದ ದಿನ ರೊಟ್ಟಿಗೆ ಹಚ್ಚಿಕೊಳ್ಳಲು ಊರಿಂದ ತಂದ ಶೇಂಗಾ ಹಿಂಡಿಯ ಡಬ್ಬಿ ಇಡೀ ಸಾಲಿನವರ ಮುಂದೆ ಇಟ್ಟುಬಿಡುತ್ತಿದ್ದ' ಎಂದು ಇನ್ನೊಬ್ಬರು. 'ಅವನು ಹಾಡಿದರೆ ವಾರ್ಡನ್ನರೂ ಬಾಗಿಲ ಹೊರಗೆ ನಿಂತು ಕೇಳುತ್ತಿದ್ದರು' ಎಂದು ಮತ್ತೊಬ್ಬರು. ಈಗ ಗೋವಾ ಗಡಿಯ ಅನಮೋಡದ ಚೆಕ್‌ಪೋಸ್ಟಿನ ಬಳಿ ಖಾನಾವಳಿ ನಡೆಸುವ ಜೋಯಿಡಾ ಕೂಡ ಬರೆದಿದ್ದ: 'ನಂಗೆ ಕಾಮಾಲೆ ಆದಾಗ ಗಂಜಿ ಕಾಸಿ ಕುಡಿಸಿದ್ದು ಅವ. ನಮ್ಮ ಮನೆಯವರು ಬಂದು ಮುಟ್ಟುವಾತನಕ ಅವನೇ ನಂಗೆ ಆಯಿ.' ಆಯಿ ಎಂದರೆ ಅವರ ಕೊಂಕಣಿಯಲ್ಲಿ ತಾಯಿ.

ಹೆಂಡತಿ ಒಂದೊಂದನ್ನೇ ಗಟ್ಟಿಯಾಗಿ ಓದಿ, ಕನ್ನಡಕ ಕೆಳಗಿಳಿಸಿ ನನ್ನನ್ನೇ ನೋಡಿದಳು.

"ನೀವು ಯಾವಾಗ ಬಡಿಸಿದ್ರಿ? ಮನ್ಯಾಗ ಕುಡ್ಯಾಕ ನೀರು ಸೈತ ತಗೊಳ್ಳೂದಿಲ್ಲ."

"ಆಗಿನ ಮಾತು ಬ್ಯಾರೆ."

"ಮತ್ತ ಹಾಡು?"

"ಹಾಡ್ತಿದ್ದೆ ಕಾಣ್ತೈತಿ. ಮರ್ತೇನಿ."

ನಗಬೇಡಿ. ನಿಮ್ಮ ಬಗ್ಗೆ ಎಲ್ಲರೂ ಒಂದೇ ಸಮನೆ ಒಳ್ಳೆಯದು ಹೇಳಿದರೆ ನೀವೂ ನಂಬುತ್ತೀರಿ. ಎರಡು ದಿನ ನಾನು ನಂಬಿದ್ದೆ. ಎರಡನೆಯ ದಿನ ಸಂಜೆ ಹೆಂಡತಿಗೆ ನಾನೇ ಚಹಾ ಮಾಡಿಕೊಟ್ಟೆ. ಬಚ್ಚಲಲ್ಲಿ ಸಣ್ಣಗೆ ಒಂದು ಆಲಾಪವನ್ನೂ ತೆಗೆದೆ. ಪಕ್ಕದ ಮನೆಯವರು ಏನಾಯಿತೆಂದು ಕೇಳಿದರು.

ಮೂರನೆಯ ದಿನ ಮುಂಡಗೋಡನ ಫೋನು ಬಂತು. ಹೆಂಡತಿ ಎತ್ತಿದಳು. ಅವನ ದನಿ ಆ ಕಡೆಯಿಂದ ನನಗೂ ಕೇಳುತ್ತಿತ್ತು: "ವೈನಿ, ಏನ್ ಹೇಳ್ಲಿ ನಾ... ದಾಂಡೇಲಿನೂ ಹೋಗಿಬಿಟ್ನಾ?" ನಾನು ಫೋನು ಕಸಿದುಕೊಂಡೆ.

"ನಾನ ಮಾತಾಡಾಕತ್ತೇನಿ, ಮುಂಡಗೋಡ! ಎಲ್ಲಿಗೂ ಹೋಗಿಲ್ಲ."

"ಹಾಂ? ನೀ ಅದೀಯಾ? ಹಂಗಾರ ನಿನ್ನ ಫೋಟೋ ಯಾಕ ಹಾಕ್ಯಾರೋ? ನಾ ಹಾಸ್ಟೆಲಿನವರಿಗೆ ತಿಳಿಸಿದ್ದು ಹಳಿಯಾಳ ಹೋದ ಅಂತ."

"ಅದಕ್ಕ ಹಾಕ್ಯಾರ. ಅವರ ಪುಸ್ತಕದಾಗ ಹಳಿಯಾಳ ಅಂದ್ರ ನಾನ" ಎಂದು ದೊಡ್ಡದಾಗಿ ನಕ್ಕೆ. ಆ ಕಡೆ ನಗು ಇರಲಿಲ್ಲ. ಆಗ ನನಗೆ ಅವನ ಮಾತು ಪೂರ್ತಿ ಕೇಳಿಸಿತು.

"ನಮ್ಮ ಹಳಿಯಾಳ? ಮೆಣಸಿನಕಾಯಿ?"

"ಮತ್ಯಾರು? ಹೋದ ತಿಂಗಳಾ. ಎದಿನೋವು ಅಂದಾವ ಹುಬ್ಬಳ್ಳಿ ಮುಟ್ಟಲಿಲ್ಲಂತ. ನನಗ ಹಳ್ಯಾಳ ಬಸ್‌ಸ್ಟ್ಯಾಂಡಿನ್ಯಾಗ ಯಾರೋ ಹೇಳಿದ್ರು, ಅಷ್ಟೊತ್ತಿಗೆ ದಿನಕರ್ಮ ಎಲ್ಲಾ ಆಗಿದ್ವು. ನೀ ಬಾಜೂಕ ಅದೀಯಲ್ಲ, ನಿನಗ ಗೊತ್ತ ಇರತೈತಿ ಅಂದ್ಕೊಂಡೆ."

ನನಗೆ ಗೊತ್ತಿರಲಿಲ್ಲ. ಹೋದ ತಿಂಗಳು ಪೂರ್ತಿ ನಾವು ಮಗಳ ಮನೆಯಲ್ಲಿದ್ದೆವು. ಫೋನು ಕೆಳಗಿಟ್ಟ ಮೇಲೆ ಸಂದೇಶಗಳನ್ನು ಮತ್ತೆ ಮೊದಲಿನಿಂದ ಓದಿದೆ. ಬಡಿಸಿದವನು ಅವನು, ಹಿಂಡಿಯ ಡಬ್ಬಿ ಅವನದು, ಹಾಡು ಅವನದು. ಜೋಯಿಡಾನ ಗಂಜಿ ಕಾಸುವಾಗ ನಾನು ಮಂಚದ ಮೇಲೆ ಕೂತು ಉಪ್ಪು ಹೆಚ್ಚು ಹಾಕಬೇಡ ಎಂದು ಹೇಳುತ್ತಿದ್ದೆ, ಅಷ್ಟೇ. ನನಗೆ ಅಳು ಬಂತು. ನನಗೇ ಬಂದ ಸಂತಾಪ ಓದಿ ನಾನೇ ಅಳುತ್ತಿರುವುದನ್ನು ಕಂಡು ಹೆಂಡತಿ ಬಂದು ಪಕ್ಕದಲ್ಲಿ ಕೂತಳು.

"ಅಲ್ಲ, ಇವೆಲ್ಲಾ ಅವರ ಹೆಂಡ್ತಿಗೆ ಮುಟ್ಟಬೇಕಿತ್ತಲ್ರಿ" ಎಂದಳು. "ಅವರ ಮನೀ ದುಃಖ ನಮ್ಮ ಮನ್ಯಾಗ ಇಟ್ಕೊಂಡು ಕುಂತೇವಿ."

ಮರುದಿನ ಬೆಳಿಗ್ಗೆ ಹಳಿಯಾಳದ ಬಸ್ಸು ಹತ್ತಿದೆ. ಸಾವಿನ ಮನೆಗೆ ಹೋಗುವಾಗ ಏನು ಹೇಳಬೇಕೆಂಬುದು ಯಾರಿಗೂ ಗೊತ್ತಿರುವುದಿಲ್ಲ. ನನಗೆ ಮಾತ್ರ ಹೇಳಬೇಕಾದದ್ದೆಲ್ಲ ಜೇಬಿನಲ್ಲೇ ಇತ್ತು. ಭಯವಿದ್ದದ್ದು ಬೇರೆಯದು. ಈ ಮಾತುಗಳು ಯಾಕೆ ನಿಮ್ಮ ಹತ್ತಿರ ಬಂದವು ಎಂದು ಆಕೆ ಕೇಳಿದರೆ ಆ ಮಂಗಾಟವನ್ನು ಹೇಗೆ ವಿವರಿಸಲಿ? ಗಂಡನನ್ನು ಕಳೆದುಕೊಂಡವಳ ಮುಂದೆ ಕೂತು, ಸತ್ತದ್ದು ನಾನಂತೆ ಎಂದು ತಮಾಷೆ ಹೇಳುವುದೇ?

ಎಂ.ಎ. ಮಾಡಿದ ಹಳಿಯಾಳ ತನ್ನ ಊರಿನಲ್ಲೇ ಗೊಬ್ಬರದ ಅಂಗಡಿ ಇಟ್ಟಿದ್ದ; ಅಂಗಡಿಯ ಹಿಂದೆಯೇ ಮನೆ. ಅಂಗಡಿ ತೆರೆದಿತ್ತು. ಅವನು ಕೂರುತ್ತಿದ್ದ ಕುರ್ಚಿಯಲ್ಲಿ ಅವನ ಹೆಂಡತಿ ಕೂತು ಯಾರಿಗೋ ಯೂರಿಯಾ ಇನ್ನೂ ಬಂದಿಲ್ಲ ಎನ್ನುತ್ತಿದ್ದರು. ನನ್ನ ಗುರುತು ಹತ್ತಲಿಲ್ಲ.

"ನಾ ದಾಂಡೇಲಿ ರೀ, ವೈನಿ. ಹಾಸ್ಟೆಲಿನ್ಯಾಗ ಒಂದ ಖೋಲ್ಯಾಗ ಇದ್ವಿ."

ಆಕೆ ಎದ್ದು ನಿಂತರು. "ಬರ್ರಿ ಅಣ್ಣಾರ. ಒಳಗ ಬರ್ರಿ, ಕುಂದರ್ರಿ." ಚಹಾ ಬಂತು. ಆಮೇಲೆ ಆಕೆ ಸೆರಗನ್ನು ಸರಿಮಾಡಿಕೊಂಡು ನನ್ನ ಮುಂದೆ ನೆಲದ ಮೇಲೆ ಕೂತು ಹೇಳಿದರು: "ಸಿಟ್ಟಾಗಬ್ಯಾಡ್ರಿ, ಒಂದ್ ಮಾತ್ ಹೇಳ್ತೇನಿ. ಅವರು ಊಟಕ್ಕ ಕುಂತ್ರ ಹಾಸ್ಟೆಲು, ಮಲ್ಕೊಂಡ್ರ ಹಾಸ್ಟೆಲು. ಹೋದ ಮ್ಯಾಲ ಅಲ್ಲಿಯವರು ಒಬ್ರೂ ಬರಲಿಲ್ಲ, ಒಂದ್ ಫೋನ್ ಬರಲಿಲ್ಲ. ಇವ್ರು ಅಷ್ಟೆಲ್ಲಾ ಕಟ್ಟಿ ಹೇಳ್ತಿದ್ರೋ ಏನೋ ಅಂತ ನನಗ ಸಂಶೇ ಬಂತ್ರಿ. ಇಷ್ಟ್ ವರ್ಷ ಕೂಡಿ ಬಾಳ್ವೆ ಮಾಡಿ, ಸತ್ತ ಮನಶ್ಯಾನ ಮ್ಯಾಲ ಸಂಶೇ ಮಾಡಾಕತ್ತೇನಿ."

ನಾನು ವಿವರಿಸಲು ಹೋಗಲಿಲ್ಲ. ಬಂದಾವ್ರಿ, ವಿಳಾಸ ತಪ್ಪಿ ನಮ್ಮ ಮನೆಗೆ ಬಂದಾವ ಎಂದಷ್ಟೇ ಹೇಳಿ ಮೊಬೈಲು ತೆಗೆದು ಓದತೊಡಗಿದೆ. ಬಡಿಸಿದ್ದು ಓದಿದೆ, ಆಕೆ "ಹೌದು, ಈಗೂ ಹಂಗ ಇದ್ರು" ಎಂದರು. ಹಾಡಿನದು ಓದಿದೆ. ಗಂಜಿಯದು ಓದುವಾಗ ಆಯಿ ಎಂಬಲ್ಲಿ ಆಕೆ ಕೈಯೆತ್ತಿ ನಿಲ್ಲಿಸಿ, "ಅದೊಂದು ಇನ್ನೊಮ್ಮೆ ಓದ್ರಿ" ಎಂದರು. ಓದಿದೆ. ಇಷ್ಟು ಗಂಭೀರವಾಗಿ ನಾನು ಪರೀಕ್ಷೆಗೂ ಓದಿರಲಿಲ್ಲ. ನಡುವೆ ಒಂದು ಬಂತು: 'ಅವನ ಗೊರಕೆಗೆ ಹೆದರಿ ಪಕ್ಕದ ಕೋಣೆಯವರೂ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದೆವು. ಈಗ ಆ ಗೊರಕೆಯೂ ಇಲ್ಲವೆಂದರೆ ಸಂಕಟವಾಗುತ್ತದೆ.'

ಆಕೆ ಹುಬ್ಬು ಗಂಟಿಕ್ಕಿದರು. "ಇದು ಅವರದಲ್ರಿ. ಅವರಿಗೆ ಗೊರಕಿ ಇದ್ದಿಲ್ಲ."

"ಅದು ನಂದು ರೀ, ವೈನಿ."

ಆಕೆ ನಕ್ಕುಬಿಟ್ಟರು. ನಕ್ಕಿದ್ದಕ್ಕೆ ಗಾಬರಿಯಾಗಿ ಬಾಯಿಗೆ ಸೆರಗು ಹಿಡಿದರು, ಮತ್ತೆ ನಕ್ಕರು. ಹಾಗಾಗಿ ಎಲ್ಲವನ್ನೂ ಹೇಳಲೇಬೇಕಾಯಿತು: ಎರಡು ಹಳಿಯಾಳ, ಪುಸ್ತಕದ ಹೆಸರು, ಬಾಯಿಯ ಹೆಸರು, ನನ್ನ ಎರಡು ದಿನದ ಒಳ್ಳೆಯತನ. ಅಷ್ಟೂ ಸಂದೇಶಗಳಲ್ಲಿ ಫೋಟೋ ನೋಡಿ ನನ್ನನ್ನೇ ನೆನೆದು ಬರೆದದ್ದು ಆ ಗೊರಕೆಯದೊಂದೇ ಎಂಬುದನ್ನೂ ಒಪ್ಪಿಕೊಂಡೆ.

ಹೇಳುತ್ತಿರುವಾಗಲೇ ಮೊಬೈಲು ಮತ್ತೆ ಟಿಂಗ್ ಎಂದಿತು. ವಿಭಾಗದ ಪರಿಶೀಲನೆ ಮುಗಿದಿತ್ತು. 'ತಿದ್ದುಪಡಿ: ಶ್ರೀ ಹಳಿಯಾಳ ಅವರು ಜೀವಂತವಾಗಿದ್ದು, ಕುಶಲವಾಗಿದ್ದಾರೆ ಎಂದು ತಿಳಿಸಲು ವಿಭಾಗವು ಹರ್ಷಿಸುತ್ತದೆ.' ಈ ಸಲ ಎಚ್ಚರ ವಹಿಸಿ ಫೋಟೋ ಹಾಕಿರಲಿಲ್ಲ. ಆಮೇಲೆ ಟಿಂಗ್ ಟಿಂಗ್ ನಿಲ್ಲಲೇ ಇಲ್ಲ. ಮೊನ್ನೆ ಅತ್ತವರೆಲ್ಲ ಇವತ್ತು ಕುಣಿಯುತ್ತಿದ್ದರು. ನಾನು ಮೊಬೈಲನ್ನು ಮಗುಚಿಟ್ಟೆ.

"ಏನ್ರಿ ಅದು?"

ಮುಚ್ಚಿಡುವುದು ಆಗಲಿಲ್ಲ, ಹೇಳಿದೆ. "ನಾನು ಬದುಕೇನಿ ಅಂತ ಹಾಕಂದ್ರ, ಅವನು ಬದುಕ್ಯಾನ ಅಂತ ತಿಳ್ಕೊಂಡಾರ ರೀ ಎಲ್ಲಾರೂ. ಈಗ ಇಲ್ಲಿಂದ್ಲೇ ಬರೀತೇನಿ, ಇನ್ನೊಮ್ಮೆ ತಿದ್ದಸ್ತೇನಿ."

"ಅವನ್ನೂ ಓದ್ರಿ."

"ಬ್ಯಾಡ್ರಿ, ವೈನಿ."

"ಓದ್ರಿ, ಅಣ್ಣಾರ."

ಓದಿದೆ. 'ಏ ಹಳಿಯಾಳ, ಜೀವಂತ ಅದೀಯೇನಲೇ! ನಮ್ಮನ್ನೆಲ್ಲಾ ಸುಮ್ಮನೆ ಅಳಿಸಿದ್ಯಲ್ಲೋ.' 'ಹಳಿಯಾಳ, ಮುಂದಿನ ಸಲ ಎಲ್ಲಾರೂ ಕೂಡಿದಾಗ ನೀ ಹಾಡಬೇಕು ನೋಡು.' ಅನಮೋಡದಿಂದ ಜೋಯಿಡಾ: 'ದೇವರು ದೊಡ್ಡವ. ಈ ಕಡೆ ಬಂದ್ರೆ ಊಟ ಮಾಡದೆ ಮುಂದೆ ಹೋಗ್ಬೇಡ.'

ಆಕೆ ಹೊರಗೆ ಅಂಗಡಿಯತ್ತ, ಆ ಕುರ್ಚಿಯತ್ತ ನೋಡಿದರು.

"ತಿದ್ದಸಬ್ಯಾಡ್ರಿ" ಎಂದರು. "ರೇಷನ್ ಕಾರ್ಡಿನ್ಯಾಗ ಹೆಸರು ತಗಿಸಿದೆ. ಬ್ಯಾಂಕಿನ್ಯಾಗ ತಗಿಸಿದೆ. ಅಂಗಡಿ ಲೈಸನ್ಸಿಂದ ನಾಳೆ ತಗಸ್ಬೇಕು. ಎಲ್ಲಾ ಕಡೆ ನಾನ ಹೋಗಿ ಸಹಿ ಮಾಡಿ ಅವರನ್ನ ಸಾಯ್ಸೇನಿ. ಒಂದ್ ಕಡಿಗಾದ್ರೂ ಇರ್ಲಿ ಬಿಡ್ರಿ."

ಮುಂಡಗೋಡನಿಗೆ ನಿಜ ಗೊತ್ತಿದೆ, ಜೋಯಿಡಾನಿಗೆ ನಾನೇ ಹೋಗಿ ಹೇಳಬೇಕು, ಹೇಳುತ್ತೇನೆ. ಗಂಜಿ ಕುಡಿದವನಿಗೆ ಸುಳ್ಳು ಹೇಳಲಾಗದು. ವಿಭಾಗಕ್ಕೆ ಮಾತ್ರ ಎರಡನೆಯ ತಿದ್ದುಪಡಿ ಕಳಿಸಿಲ್ಲ. ಇವತ್ತು ಬೆಳಿಗ್ಗೆ ಅವರಿಂದಲೇ ಒಂದು ಸಂದೇಶ ಬಂತು: 'ಮಾನ್ಯ ಹಳಿಯಾಳರೆ, ತಾವು ಕ್ಷೇಮವಾಗಿದ್ದೀರೆಂದು ದಯವಿಟ್ಟು ಖಚಿತಪಡಿಸಿ.' ಯಾವ ಹಳಿಯಾಳ ಎಂದು ನಾನು ಕೇಳಲಿಲ್ಲ. 'ಇಬ್ಬರೂ ಕ್ಷೇಮ' ಎಂದು ಬರೆದು ಕಳಿಸಿದೆ.