ಎಡಕ್ಕೆ ಸರಿದ ಹುಣಸೆಮರ

ಜಲವರ್ಣದಲ್ಲಿ ಊರುಕೇರಿ, ಬೆಟ್ಟಗುಡ್ಡ ಬರೆದು ಬದುಕುತ್ತೇನೆ ಎಂದರೆ ಕೋಲಾರದಲ್ಲಿ ಜನ ಬಹಳ ಮರ್ಯಾದೆಯಿಂದ ಕೇಳಿಸಿಕೊಳ್ಳುತ್ತಾರೆ. ಆಮೇಲೆ, "ಅದ್ಸರಿ, ಕೆಲಸ ಏನ್ ಮಾಡ್ತೀಯಾ?" ಎನ್ನುತ್ತಾರೆ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಿಂತಾಗ ಚೀಟಿ ಎತ್ತುವ ತನಕ ನನ್ನ ಅಭಿಪ್ರಾಯ ಏನೆಂದು ನನಗೇ ಗೊತ್ತಿರುತ್ತಿರಲಿಲ್ಲ. ಪರ ಬಂದರೆ ಪರ, ವಿರೋಧ ಬಂದರೆ ವಿರೋಧ, ಎರಡರಲ್ಲೂ ಗೆದ್ದು ಬರುತ್ತಿದ್ದೆ. ಈ ಒಂದು ಪ್ರಶ್ನೆಗೆ ಮಾತ್ರ ಯಾವ ಕಡೆಯಿಂದಲೂ ಉತ್ತರ ಹೊಳೆದಿಲ್ಲ.

ನಾನು ಬರೆಯುವುದಕ್ಕೆ ನಮ್ಮ ಕಡೆ ಸೀನರಿ ಎಂದು ಹೆಸರು. ಸೀನರಿಗೆ ಶಾಸ್ತ್ರವಿದೆ. ಎರಡು ಬೆಟ್ಟ, ನಡುವೆ ಅರ್ಧ ಸೂರ್ಯ, ಅಲ್ಲಿಂದ ಇಳಿದುಬರುವ ನದಿ, ದಡದಲ್ಲೊಂದು ಗುಡಿಸಲು, ಗುಡಿಸಲಿಗೆ ನಮಸ್ಕಾರ ಮಾಡುವ ತೆಂಗಿನಮರ. ವರ್ಷವಿಡೀ ಹರಿಯುವ ನೀರನ್ನು ಕಣ್ಣಲ್ಲಿ ಕಾಣದ ಜಿಲ್ಲೆಯಲ್ಲಿ ಪ್ರತಿಯೊಂದು ಮಗುವೂ ಗುಣಾಕಾರಕ್ಕೆ ಮುಂಚೆ ನದಿ ಬರೆಯಲು ಕಲಿಯುತ್ತದೆ. ನಾನು ಬರೆದದ್ದರಲ್ಲಿ ನದಿ ಇರುವುದಿಲ್ಲ. ಬಂಡೆ, ಜಾಲಿ, ಟೊಮೆಟೊಗೆ ನೆಟ್ಟ ಕಡ್ಡಿಗಳು, ಬಣ್ಣಗೆಟ್ಟ ಆಕಾಶ ಇರುತ್ತವೆ. ಮಾಲೂರಿನಲ್ಲಿ ಒಬ್ಬರು ನನ್ನ ಚಿತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು, "ಇದು ನಮ್ಮ ಗೋಮಾಳ ಅಲ್ವೇನಮ್ಮಾ? ದಿನಾ ಬಿಟ್ಟಿಯಾಗಿ ನೋಡ್ತೀವಲ್ಲ" ಎಂದು ಹಿಂದಕ್ಕೆ ಕೊಟ್ಟರು. ಶ್ರೀನಿವಾಸಪುರದ ಮಾವಿನತೋಪಿನ ಯಜಮಾನರೊಬ್ಬರು ಹೊಸ ಮನೆಯ ಹಾಲಿಗೆ ತಮ್ಮ ತೋಪನ್ನೇ ಬರೆದುಕೊಡು ಎಂದರು. ಒಂದೇ ಮರದಲ್ಲಿ ಹೂವೂ ಇರಬೇಕು, ಕಾಯಿಯೂ ಇರಬೇಕು, ಹಣ್ಣೂ ತೂಗಬೇಕು.

"ಹೂವಿದ್ದಾಗ ಹಣ್ಣಿರಲ್ವಲ್ಲ ಅಣ್ಣಾ" ಎಂದೆ.

"ಅದಕ್ಕೇ ಕಣಮ್ಮ ನಿನ್ನ ಹತ್ರ ಬಂದಿರೋದು. ಇರೋ ಹಂಗೇ ಬೇಕಾಗಿದ್ರೆ ಫೋನಲ್ಲೇ ಫೋಟೊ ಹೊಡ್ಕೊತಿದ್ದೆ."

ಚಿತ್ರಕಾರರ ಧರ್ಮ ಕಂಡದ್ದನ್ನು ಕಂಡಂತೆ ಬರೆಯುವುದು ಎಂದು ನಾನು ಗಂಟಲು ಹರಿಯುವಷ್ಟು ವಾದಿಸಿದೆ. ವಾದ ನಾನೇ ಗೆದ್ದೆ. ಅವರು ಕೋಲಾರಕ್ಕೆ ಹೋಗಿ, ಹಿಂದೆ ಬಲ್ಬು ಉರಿದರೆ ನೀರು ಹರಿದಂತೆ ಕಾಣುವ ಜಲಪಾತವೊಂದನ್ನು ಕೊಂಡು ತಂದರು.

ಕಂಡದ್ದನ್ನು ಕಂಡಂತೆ ಎಂಬ ಆ ನನ್ನ ಧರ್ಮ ಎಷ್ಟು ಗಟ್ಟಿ ಎನ್ನುವುದು ಆವನಿಯ ಹತ್ತಿರದ ಒಂದು ಹಳ್ಳಿಯಲ್ಲಿ ಗೊತ್ತಾಯಿತು.

ಆ ಹಳ್ಳಿಗೆ ಹೋದದ್ದು ಬೆಟ್ಟಕ್ಕಾಗಿ. ರಸ್ತೆಯ ಪಕ್ಕ ಒಂದು ಮೋರಿಕಟ್ಟೆ ಇದೆ. ಅಲ್ಲಿ ಕುಳಿತರೆ ಎದುರಿಗೆ ಎರಡು ಹೊಲ, ಅವುಗಳ ಹಿಂದೆ ಬೆಟ್ಟ. ಬಲಗಡೆಯ ಹೊಲ ಒಬ್ಬ ಅಕ್ಕನದು. ಆಕೆ ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಾಳೆ, ಗಂಡ ಮುಳಬಾಗಿಲಿನಲ್ಲಿ ಆಟೊ ಓಡಿಸುತ್ತಾನೆ. ಎಡಗಡೆಯ ಹೊಲ ಆ ಗಂಡನ ದಾಯಾದಿಯದು. ಎರಡರ ನಡುವೆ ಬದು, ಬದುವಿನ ಮೇಲೆ ಗಡಿ ಗುರುತಿಗೆ ಒಂದು ಬಾಂದುಕಲ್ಲು. ಕಲ್ಲಿನಿಂದ ಸ್ವಲ್ಪವೇ ಬಲಕ್ಕೆ, ಅಂದರೆ ಅಕ್ಕನ ಕಡೆಗೆ, ದೊಡ್ಡದೊಂದು ಹುಣಸೆಮರ.

ಜಲವರ್ಣಕ್ಕೆ ಜಲ ಬೇಕು. ಮೊದಲ ದಿನ ಅಕ್ಕನ ಬಾಗಿಲಲ್ಲಿ ನಿಂತು ನೀರು ಕೇಳಿದೆ. ತೊಳೆದ ಚೊಂಬಿನಲ್ಲಿ ಫಿಲ್ಟರ್ ನೀರು ತಂದುಕೊಟ್ಟು, ಕುಡಿಯುವುದನ್ನು ನೋಡಲು ಹಿಂದೆಯೇ ಬಂದಳು. ನಾನು ಕುಂಚ ಅದ್ದಿದೆ.

"ಅಯ್ಯೋ ನಿನ್ನ! ಕ್ಯಾನ್ ನೀರು ಕಣೇ ಅದು! ತೊಳೆಯೋಕೆ ಅಂದಿದ್ರೆ ತೊಟ್ಟಿ ನೀರು ಕೊಡ್ತಿರ್ಲಿಲ್ವಾ?"

ಮಾರನೆಯ ದಿನ ತೊಟ್ಟಿಯ ನೀರೇ ಕೊಟ್ಟಳು. ನಮ್ಮ ಬೋರ್‌ವೆಲ್ ನೀರಿನ ಮಹಿಮೆ ನಮಗೆ ಗೊತ್ತಿದ್ದದ್ದೇ. ಒಣಗಿದ ಮೇಲೆ ನನ್ನ ನೀಲಿ ಆಕಾಶದ ತುಂಬ ಬೂದಿ ಬಳಿದಂತೆ ಬಿಳಿ ಉಪ್ಪು. ಅದನ್ನು ಕಂಡು ಅಕ್ಕನಿಗೇ ಅಯ್ಯೋ ಅನ್ನಿಸಿ ಮತ್ತೆ ಫಿಲ್ಟರ್ ನೀರಿಗೆ ಬಡ್ತಿ ಕೊಟ್ಟಳು. ಜೊತೆಗೆ ಮುದ್ದೆ, ಬಸ್ಸಾರು, ಮತ್ತು ನನ್ನ ಮದುವೆಯ ಬಗ್ಗೆ ಸಲಹೆ. ಇದಕ್ಕೆಲ್ಲ ಬದಲಾಗಿ, ಮುಗಿಸಿದವುಗಳಲ್ಲಿ ಚೆನ್ನಾಗಿ ಬಂದದ್ದೊಂದನ್ನು ಅವಳಿಗೇ ಕೊಟ್ಟೆ. ಅವಳು ಅದಕ್ಕೆ ಗಾಜು ಹಾಕಿಸಿ ದೇವರ ಪಟಗಳ ಸಾಲಿನಲ್ಲಿ ತೂಗುಹಾಕಿದಳು.

ಚೆನ್ನಾಗಿ ಬಂದದ್ದು ಏಕೆಂದು ಹೇಳಬೇಕು. ನಿಜವಾದ ಹುಣಸೆಮರ ಬೆಟ್ಟದ ನೆತ್ತಿಗೆ ನೇರ ಕೆಳಗೆ, ಹಾಳೆಯ ನಟ್ಟನಡುವೆ ಧ್ವಜಸ್ತಂಭದ ಹಾಗೆ ಬರುತ್ತಿತ್ತು. ಹಾಗೆ ನಡುವೆ ನೆಟ್ಟರೆ ಚಿತ್ರ ಕೆಡುತ್ತದೆ ಎನ್ನುವುದು ಈ ಕಸುಬಿನಲ್ಲಿ ಮೊದಲ ವಾರ ಕಲಿಯುವ ಪಾಠ. ಆದ್ದರಿಂದ ಮರವನ್ನು ಎಡಕ್ಕೆ ಸರಿಸಿದೆ. ಅಲ್ಲಿ ದಾಯಾದಿಯ ಪಂಪ್‌ಹೌಸ್ ಇತ್ತು. ಮೇಲೆ ತಗಡು, ಗೋಡೆಗೆ ಗುಲಾಬಿ ಸುಣ್ಣ, ಪಕ್ಕದಲ್ಲಿ ಕರೆಂಟ್ ಕಂಬ. ಅಂಥ ಗುಲಾಬಿ ಬಣ್ಣ ನನ್ನ ಡಬ್ಬಿಯಲ್ಲೇ ಇರಲಿಲ್ಲ. ಪಂಪ್‌ಹೌಸನ್ನೂ ಕಂಬವನ್ನೂ ಬರೆಯದೆ ಕೈಬಿಟ್ಟು ಅಲ್ಲಿ ಮರ ನೆಟ್ಟೆ. ಕಲ್ಲನ್ನು ಮಾತ್ರ ಇದ್ದಲ್ಲೇ ಬಿಟ್ಟೆ, ಅದು ಚೆಂದವಿತ್ತು. ಮಾವಿನತೋಪಿನ ಯಜಮಾನರಿಗೆ ಮಾಡಿದ ಧರ್ಮೋಪದೇಶ ಆಗ ನೆನಪಿಗೆ ಬರಲಿಲ್ಲ.

ಮರು ವರ್ಷ ಹುಣಸೆ ಬಡಿಯುವ ಕಾಲಕ್ಕೆ ಅಕ್ಕನ ಫೋನ್ ಬಂತು. ಹೊಲದ ದಾರಿ ಸರಿಮಾಡಲು ಬಂದ ಜೆಸಿಬಿ ಬದುವನ್ನೂ ಕೆರೆದು, ಬಾಂದುಕಲ್ಲನ್ನು ಕಿತ್ತು ಮಣ್ಣಿನ ಗುಡ್ಡೆಗೆ ಸೇರಿಸಿಬಿಟ್ಟಿದೆ. ಕಲ್ಲು ಮರದ ಆ ಕಡೆ, ಬಲಗಡೆ ಇತ್ತು, ಹಾಗಾಗಿ ಮರ ತನ್ನದು ಎಂದು ದಾಯಾದಿ ಹೊರಟಿದ್ದಾನೆ. ಹಣ್ಣಿನ ಮಾತಷ್ಟೇ ಅಲ್ಲ. ಮಾಲೂರಿನ ಇಟ್ಟಿಗೆ ಗೂಡಿಗೆ ಸೌದೆ ಹೊಡೆಯುವವನೊಬ್ಬನ ಜೊತೆ ಮಾತಾಗಿದೆ, ನಾಳೆ ಗರಗಸದವರು ಬರುತ್ತಾರೆ. ಅಕ್ಕನ ಮನೆಯವರು ಸರ್ವೆಗೆ ಅರ್ಜಿ ಕೊಟ್ಟಿದ್ದಾರೆ, ಸರ್ವೆಯವರು ಬರುವಾಗ ಬರುತ್ತಾರೆ. ಅಷ್ಟರಲ್ಲಿ ಮರ ಬೂದಿಯಾಗಿರುತ್ತದೆ.

"ಡೈರಿ ಹತ್ರ ಪಂಚಾಯ್ತಿ ಸೇರ್ಸಿದ್ದೀನಿ ಕಣಮ್ಮ. ನೀ ಬಂದ್ಬಿಡು. ನೀ ಬರ್ದಿರೋದೇ ಐತಲ್ಲ ಸಾಕ್ಷಿ! ಕಲ್ಲೂ ಐತೆ, ಮರಾನೂ ಐತೆ."

"ಅಕ್ಕಾ, ಆ ಚಿತ್ರ ಯಾರಿಗೂ ತೋರಿಸ್ಬೇಡ" ಎನ್ನುವಷ್ಟರಲ್ಲಿ ಫೋನ್ ಇಟ್ಟಿದ್ದಳು.

ನಾನು ಬಸ್ಸಿಳಿದು ಹೋಗುವಷ್ಟರಲ್ಲಿ ಚಿತ್ರ ಡೈರಿಯ ಜಗುಲಿಯ ಮೇಲೆ ಕ್ಯಾನುಗಳಿಗೆ ಒರಗಿ ಕುಳಿತಿತ್ತು. ಸುತ್ತ ಊರಿತ್ತು. ನನ್ನ ಯಾವ ಪ್ರದರ್ಶನಕ್ಕೂ ಅಷ್ಟು ಜನ ಸೇರಿರಲಿಲ್ಲ, ಸೇರಿದವರೂ ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ದಾಯಾದಿ ಗಾಜಿನ ಮೇಲೆ ಬೆರಳಿಟ್ಟು ನಿಂತಿದ್ದ.

"ಚೂಡಂಡಿ, ಎಲ್ರೂ ನೋಡ್ರಪ್ಪ. ಇದು ಕಲ್ಲು. ಇದು ಮರ. ಮರ ಯಾವ ಕಡೆ ಐತೆ? ಎಡಕ್ಕೆ! ನನ್ನ ಹೊಲ್ದಾಗೆ! ತಂದಿರೋದು ಯಾರು? ಅವಳೇ!"

ಅಕ್ಕ ಚಿತ್ರವನ್ನು ನೋಡಿದಳು, ನನ್ನನ್ನು ನೋಡಿದಳು. ದಿನವೂ ಊದಿನಕಡ್ಡಿ ಬೆಳಗಿದ ಪಟದಲ್ಲಿ ಮರ ಎಲ್ಲಿದೆ ಎಂದು ಅವಳು ಅವತ್ತೇ ಮೊದಲ ಬಾರಿ ನೋಡಿದ್ದು. ಪಾಪ, ದೇವರ ಪಟವನ್ನು ಯಾರು ಅಳೆದು ನೋಡುತ್ತಾರೆ?

ಪಂಚಾಯಿತಿಗೆ ಹಿರಿಯರಾಗಿ ಡೈರಿಯ ಸೆಕ್ರೆಟರಿ ಕುಳಿತಿದ್ದರು. "ಏನಮ್ಮಾ, ನೀನೇನಾ ಬರ್ದೋಳು? ಫೋಟೊ ಗೀಟೊ ಐತಾ?"

ಇರಲಿಲ್ಲ. ಫೋಟೊ ನೋಡಿ ಬರೆಯುವವರು ಕಲಾವಿದರೇ ಅಲ್ಲ ಎಂದು ಒಂದಲ್ಲ ಒಂದು ವೇದಿಕೆಯ ಮೇಲೆ ಗುಡುಗುತ್ತಿದ್ದವಳು ನಾನು, ತೆಗೆಯುವುದೆಲ್ಲಿಂದ? ಊರಿನವರ ಮೊಬೈಲುಗಳನ್ನೆಲ್ಲ ಆಗಲೇ ಜಾಲಾಡಿದ್ದರಂತೆ. ಆ ಹೊಲದಲ್ಲಿ ತೆಗೆದ ಸೆಲ್ಫಿಗಳು ಬೇಕಾದಷ್ಟಿದ್ದವು. ಎಲ್ಲದರಲ್ಲೂ ಮುಖವೇ ತುಂಬಿತ್ತು. ಬಾಂದುಕಲ್ಲಿನ ಜೊತೆ ಸೆಲ್ಫಿ ತೆಗೆದುಕೊಳ್ಳುವಷ್ಟು ರಸಿಕರು ಆ ಊರಲ್ಲಿ ಯಾರೂ ಇರಲಿಲ್ಲ.

ಎದ್ದು ನಿಂತೆ. ಮಾನ್ಯ ಅಧ್ಯಕ್ಷರೇ ಎನ್ನುವುದೊಂದು ಬಾಕಿ, ಉಳಿದದ್ದೆಲ್ಲ ಬಂತು. ಚಿತ್ರ ಬೇರೆ ನಕ್ಷೆ ಬೇರೆ, ಹಾಳೆಯಲ್ಲಿ ತೂಕ ಸರಿಹೋಗಲೆಂದು ವಸ್ತುಗಳನ್ನು ಅತ್ತಿತ್ತ ಇಡುವುದುಂಟು, ಮರ ನಿಜಕ್ಕೂ ಕಲ್ಲಿನ ಬಲಕ್ಕೆ ಅಕ್ಕನ ಕಡೆಗೇ ಇತ್ತು, ನಾನೇ ಎಡಕ್ಕೆ ಸರಿಸಿದ್ದು ಎಂದು ಉಸಿರು ಬಿಡದೆ ಹೇಳಿದೆ. ಅದ್ಭುತವಾದ ಭಾಷಣ. ಕಾಲೇಜಾಗಿದ್ದರೆ ಬಹುಮಾನದ ಕಪ್ ಖಂಡಿತ.

"ಹಂಗಂದ್ರೆ ಸುಳ್ಳು ಬರ್ದಿದ್ದೀಯಾ ಅಂತಾಯ್ತು" ಎಂದರು ಸೆಕ್ರೆಟರಿ.

"ಸುಳ್ಳಲ್ಲ ಸಾರ್. ಸಂಯೋಜನೆ."

"ಏನೋ ಒಂದು. ಮರ ಕಿತ್ತು ಇನ್ನೊಂದು ಕಡೆ ಇಡೋದು ಅಂದ್ರೆ ಯಾರು ನಂಬ್ತಾರಮ್ಮಾ?"

"ಅವಳ ಮನೇಲಿ ಮುದ್ದೆ ಉಂಡವ್ಳೆ ಸಾಮೀ" ಎಂದ ದಾಯಾದಿ. "ಬರೆಯೋವಾಗ ನಿಜ ಬರ್ದವ್ಳೆ, ಈಗ ಉಪ್ಪಿನ ಋಣ ಮಾತಾಡಿಸ್ತೈತೆ. ಮಾತು ಕೇಳಿದ್ರಲ್ಲ, ಲಾಯರ್ರು ಇದ್ದಂಗೆ!"

ಜನ ತಲೆದೂಗಿದರು. ಇಷ್ಟು ವರ್ಷ ಯಾರೊಬ್ಬರೂ ನನ್ನ ಚಿತ್ರಗಳನ್ನು ನಂಬಿರಲಿಲ್ಲ. ಬೆಟ್ಟ ಹೀಗಿಲ್ಲ, ಬಂಡೆ ನೇರಳೆ ಬಣ್ಣ ಇರಲ್ಲ ಎಂದು ತಕರಾರು. ಕಡೆಗೂ ಇಡೀ ಊರು ನನ್ನ ಕಲೆಯನ್ನು ನೂರಕ್ಕೆ ನೂರು ನಂಬಿದ ದಿನ, ಅದು ಸುಳ್ಳೆಂದು ಒಪ್ಪಿಸುವ ಕೆಲಸ ನನ್ನ ಪಾಲಿಗೆ ಬಂತು.

ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊಲದ ದಿಕ್ಕಿಗೆ ನೋಡುತ್ತಿದ್ದಳು. ಆ ನೋಟಕ್ಕೆ ಎದುರುವಾದ ಹೂಡಲು ನನಗೆ ಯಾರೂ ಕಲಿಸಿರಲಿಲ್ಲ.

ಆದರೆ ಒಂದನ್ನು ಕಲಿಸಿದ್ದರು. ಎದುರಾಳಿಯ ಮಾತನ್ನು ಮುರಿಯಲು ಆಗದಿದ್ದರೆ ಅದನ್ನು ಪೂರ್ತಿ ಒಪ್ಪಿಕೋ, ಒಪ್ಪಿಕೊಂಡು ಅದು ಹೋಗುವಲ್ಲಿಯ ತನಕ ಕೈಹಿಡಿದು ನಡೆಸು.

"ಆಯ್ತು ಸಾರ್" ಎಂದೆ. "ಸೋತೆ. ಚಿತ್ರದಲ್ಲಿ ಇರೋದೇ ನಿಜ. ಇಲ್ಲದ್ದು ಇಲ್ಲ. ಅಣ್ಣಾ, ನೀವೂ ಒಪ್ತೀರಲ್ಲ?"

"ಒಪ್ದೆ ಮತ್ತೆ?" ಎಂದ ದಾಯಾದಿ ಧಾರಾಳವಾಗಿ.

"ನಿಮ್ಮ ಪಂಪ್‌ಹೌಸ್ ಯಾವಾಗ ಕಟ್ಟಿಸಿದ್ದು?"

"ನಮ್ಮಪ್ಪನ ಕಾಲದ್ದು. ಯಾಕೆ?"

"ಸ್ವಲ್ಪ ಇದ್ರಲ್ಲಿ ತೋರ್ಸಿ ಅಣ್ಣಾ."

ಅವನು ಬಗ್ಗಿದ. ಬೆರಳು ಬದುವಿನಿಂದ ಬೆಟ್ಟಕ್ಕೆ, ಬೆಟ್ಟದಿಂದ ಬದುವಿಗೆ ಓಡಾಡಿತು. ಗಾಜನ್ನು ಅಂಗಿಯ ತುದಿಯಿಂದ ಒರೆಸಿದ, ಪಂಪ್‌ಹೌಸ್ ಧೂಳಿನ ಕೆಳಗೆ ಅಡಗಿರಬಹುದು ಎನ್ನುವಂತೆ. ಸೆಕ್ರೆಟರಿ ಕನ್ನಡಕ ಹಾಕಿಕೊಂಡು ಇಳಿದು ಬಂದರು.

"ಇಲ್ವಲ್ಲೋ" ಎಂದರು.

"ಕಂಬಾನೂ ಇಲ್ಲ ಸಾರ್" ಎಂದೆ. "ಲೈನೂ ಇಲ್ಲ. ಚಿತ್ರ ನಿಜ ಅಂದ್ಮೇಲೆ, ಇವ್ರಿಗೆ ಬೋರೂ ಇಲ್ಲ, ಮೋಟ್ರೂ ಇಲ್ಲ. ಟೊಮೆಟೊಗೆ ನೀರು ಎಲ್ಲಿಂದ ಬಿಡ್ತಾರೋ ನಂಗೊತ್ತಿಲ್ಲ."

ಹಿಂದಿನಿಂದ ಯಾರೋ ಕೂಗಿದರು. "ಲೇ, ಕರೆಂಟ್ ಆಫೀಸ್ನೋರಿಗೆ ಯಾರೂ ಹೇಳ್ಬೇಡ್ರಲಾ! ಇಲ್ದಿರೋ ಮೋಟ್ರಿಗೆ ಕರೆಂಟ್ ಎಳೀತಾವ್ನೆ!"

"ಅಪ್ಪ ಕಟ್ಟಿಸಿದ್ದು ಅಂತಾನೆ, ಅಪ್ಪನಾದ್ರೂ ಇದ್ನೇನ್ಲಾ?"

ಜಗುಲಿ ನಗೆಯಲ್ಲಿ ಕೊಚ್ಚಿಹೋಯಿತು. ದಾಯಾದಿ ಮಾತ್ರ ನಗಲಿಲ್ಲ. "ಏಮಮ್ಮಾ, ಮಾ ಪಂಪ್‌ಹೌಸ್ ಎಲ್ಲಿ ಹಾಕ್ದೆ?" ಎಂದು, ನಾನು ಅದನ್ನು ಚೀಲದಲ್ಲಿ ಹೊತ್ತೊಯ್ದೆನೋ ಎಂಬಂತೆ ಕೇಳಿದ. ಅವನ ದನಿಯಲ್ಲಿ ನಿಜವಾದ ನೋವಿತ್ತು.

"ಆ ಜಾಗದಲ್ಲೇ ಅಣ್ಣಾ ಮರ ತಂದು ನೆಟ್ಟಿದ್ದು" ಎಂದೆ.

ಸೆಕ್ರೆಟರಿ ಚಿತ್ರವನ್ನು ಎತ್ತಿ ಗೋಡೆಗೆ ಮುಖಮಾಡಿ ಇಟ್ಟರು. ಕಲಾವಿಮರ್ಶೆಯಲ್ಲಿ ಅದಕ್ಕಿಂತ ಸ್ಪಷ್ಟವಾದ ತೀರ್ಪು ನಾನು ಕಂಡಿಲ್ಲ. "ಇದು ಲೆಕ್ಕಕ್ಕಿಲ್ಲ. ಪಂಪ್‌ಹೌಸ್ ನುಂಗಿದೋಳು ಮರ ಸರಿಸಲ್ವಾ? ಸರ್ವೆಯೋರು ಬಂದು ಕಲ್ಲು ನೆಡೋ ತನಕ ಮರಕ್ಕೆ ಯಾರೂ ಗರಗಸ ಇಡಂಗಿಲ್ಲ. ಇಷ್ಟು ವರ್ಷ ಹಣ್ಣು ಬಡ್ಕೊಂಡಿದ್ದು ಯಾರು? ಈಯಮ್ಮ. ಈ ಸಲಾನೂ ಅವಳೇ ಬಡ್ಕೊಳ್ಳಲಿ."

ಸೌದೆಯವನಿಗೆ ಫೋನ್ ಹೋಯಿತು. ಗರಗಸದವರು ಬರಲಿಲ್ಲ.

ಅಕ್ಕ ನನ್ನನ್ನು ತಬ್ಬಿಕೊಂಡು ಅಳುತ್ತಾಳೆ ಎಂದು ನಾನು ಒಳಗೊಳಗೇ ಸಿದ್ಧಳಾಗಿದ್ದೆ. ಅವಳು ಚಿತ್ರವನ್ನು ಕಂಕುಳಲ್ಲಿ ಇರುಕಿಕೊಂಡು ಮನೆಯ ಕಡೆ ನಡೆದಳು. ಹಿಂದೆಯೇ ಹೋದೆ. ಬಾಗಿಲಲ್ಲಿ ತಿರುಗಿ ನಿಂತಳು.

"ಅಲ್ಲ ಕಣೇ, ಕಣ್ಣೆದುರಿಗೆ ಇದ್ದ ಮರಾನ ಯಾಕೆ ಎತ್ತಿಟ್ಟೆ?"

"ನಡುವೆ ಬಂದ್ರೆ ಚೆನ್ನಾಗಿರಲ್ಲ ಅಕ್ಕ."

"ಯಾರಿಗೆ?"

ಚರ್ಚೆಯಲ್ಲಿ ಮರುಪ್ರಶ್ನೆ ಚಿಕ್ಕದಿದ್ದಷ್ಟೂ ಅಪಾಯ.

"ಇದ್ದಲ್ಲಿಗೇ ಇಡು" ಎಂದು ಪಟ ಮುಂದೆ ಚಾಚಿದಳು.

ಜಲವರ್ಣದಲ್ಲಿ ಹಾಕಿದ್ದನ್ನು ಕೀಳಲು ಬರುವುದಿಲ್ಲ, ಬಣ್ಣ ಕಾಗದಕ್ಕೆ ಇಳಿದುಬಿಟ್ಟಿರುತ್ತದೆ ಎಂದು ವಿವರಿಸಿದೆ. "ಹಂಗಾದ್ರೆ ಹೊಸದು ಬರಿ" ಎಂದು ಚೊಂಬಿನ ತುಂಬ ಫಿಲ್ಟರ್ ನೀರು ತಂದಿಟ್ಟಳು. ಮತ್ತೆ ಮೋರಿಕಟ್ಟೆಯ ಮೇಲೆ ಕುಳಿತೆ. ಈ ಸಲ ಬೆನ್ನ ಹಿಂದೆ ಅರ್ಧ ಊರು. ಮರದ ಕೊಂಬೆ ಕೊಂಬೆಗೂ ತಪಾಸಣೆ. ಜೆಸಿಬಿ ಕೆರೆದ ಬದುವನ್ನು ಹಸಿರು ಮಾಡಹೋದರೆ, "ಅಲ್ಲಿ ಹುಲ್ಲಿಲ್ಲ" ಎಂಬ ತಕರಾರು. ಕಲ್ಲು ಈಗ ಇಲ್ಲದ್ದರಿಂದ ಅದನ್ನು ಬರೆಯಲು ಯಾರೂ ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ದಾಯಾದಿಯೂ ಬಂದು, ಮುಖ ಬೇರೆಡೆ ತಿರುಗಿಸಿ ನಿಂತು, "ಪಂಪ್‌ಹೌಸ್ ಪಿಂಕು" ಎಂದು ಗಾಳಿಗೆ ಹೇಳಿದ. ಕೆಂಪಿಗೆ ನೀರು ಬೆರೆಸಿ ಬೆರೆಸಿ ಆ ಗುಲಾಬಿ ಬಣ್ಣ ಹುಟ್ಟಿಸಿದೆ. ಕಂಬವನ್ನೂ ನೆಟ್ಟು ತಂತಿ ಎಳೆದೆ.

ನನ್ನ ಕುಂಚದಿಂದ ಅಷ್ಟು ಕೆಟ್ಟ ಚಿತ್ರ ಮತ್ತೆ ಬಂದಿಲ್ಲ. ಮರ ಬೆಟ್ಟದ ನೆತ್ತಿಯ ಕೆಳಗೆ ಕವಾಯತಿಗೆ ನಿಂತಂತೆ ನಿಂತಿದೆ. ಎಡಕ್ಕೆ ಪಂಪ್‌ಹೌಸ್ ಗುಳ್ಳೆಯ ಹಾಗೆ ಎದ್ದಿದೆ. ಹೆಸರು ಹಾಕದೆ ಜಾರಿಕೊಳ್ಳೋಣವೆಂದರೆ ಅಕ್ಕ, "ಸೈನ್ ಹಾಕು, ನಾಳೆ ನಾನಲ್ಲ ಬರ್ದಿದ್ದು ಅಂದ್ಬಿಟ್ಟೀಯ" ಎಂದಳು.

ಆಮೇಲೆ ಸರ್ವೆಯವರು ಬಂದರು, ಅಳೆದರು, ಕಲ್ಲು ನೆಟ್ಟರು. ಮರದ ಎಡಕ್ಕೆ, ಮೊದಲಿದ್ದ ಜಾಗದಲ್ಲೇ. ಈಗಲೂ ಹುಣಸೆ ಬಡಿಯುವ ಕಾಲಕ್ಕೆ ಅಕ್ಕ ಬಿಡಿಸಿದ ಹಣ್ಣು ಒಂದು ಚೀಲ ಎತ್ತಿಟ್ಟು ಫೋನ್ ಮಾಡುತ್ತಾಳೆ. ಹೋದಾಗಲೆಲ್ಲ ದೇವರ ಸಾಲಿನಲ್ಲಿ ತೂಗುತ್ತಿರುವ ಆ ಎರಡನೆಯ ಪಟದ ಮುಂದೆ ನಿಲ್ಲುತ್ತೇನೆ. ಮರವನ್ನು ಒಂದು ಬೆರಳಿನಷ್ಟು ಎಡಕ್ಕೆ ತಳ್ಳಿದ್ದರೆ, ಬೇಡ, ಅರ್ಧ ಬೆರಳಿನಷ್ಟಾದರೂ ತಳ್ಳಿದ್ದರೆ ಎಂದು ಕೈ ತುರಿಸುತ್ತದೆ.

ಅಕ್ಕ ಪಕ್ಕದಲ್ಲೇ ನಿಂತಿರುತ್ತಾಳೆ, ಚೀಲ ಹಿಡಿದುಕೊಂಡು. ನಾನು ಪಟಕ್ಕೆ ನಮಸ್ಕಾರ ಮಾಡಿ ಚೀಲ ತೆಗೆದುಕೊಳ್ಳುತ್ತೇನೆ.