ನಾನು ಹೇಳದ ಪಾಸ್‌ವರ್ಡ್

ಬಸವಕಲ್ಯಾಣದಲ್ಲಿ ಇಂಟರ್ನೆಟ್ ಅಂಗಡಿ ಇಟ್ಟ ಆ ಐದಾರು ವರ್ಷಗಳಲ್ಲಿ ನಾನು ಬೈಯದ ವಸ್ತು ಲೋಕದಲ್ಲಿ ಇರಲಿಲ್ಲ. ನಾಲ್ಕು ಕಂಪ್ಯೂಟರು, ಎಲ್ಲಕ್ಕೂ ಸೇರಿ ಒಂದೇ ಫೋನ್ ಲೈನು. ಲೈನ್ ಸಿಕ್ಕರೆ ಕರೆಂಟ್ ಇಲ್ಲ, ಕರೆಂಟ್ ಇದ್ದರೆ ಲೈನ್ ಇಲ್ಲ. ಎರಡೂ ಇದ್ದ ದಿನ ಗಿರಾಕಿಯೇ ಜಗಳಕ್ಕೆ ನಿಲ್ಲುತ್ತಿದ್ದ.

"ಪೇಜ್ ಓಪನ್ ಆಗಾಕ ಇಪ್ಪತ್ತ ಮಿನಿಟ್ ಹೋತ್ರಿ. ಅದನ್ನೂ ಲೆಕ್ಕಕ್ಕ ಹಿಡೀತೀರೇನು?"

ಹಿಡಿಯದೆ ಏನು ಮಾಡಲಿ? ಗೋಡೆಯ ಗಡಿಯಾರ ನೋಡಿ, ಹಾಳೆಯ ಮೇಲೆ ಬರೆದು, ವಾದ ಮಾಡಿ ಮಾಡಿ ಗಂಟಲು ಬಿದ್ದುಹೋಗುತ್ತಿತ್ತು. ಕೊನೆಗೆ ಹುಮನಾಬಾದಿನ ಒಬ್ಬ ಡೀಲರ್ ಹತ್ತಿರ ಟೈಮರ್ ಸಾಫ್ಟ್‌ವೇರ್ ತಂದೆ. ಗಿರಾಕಿಗೆ ಅರ್ಧ ಗಂಟೆಯ ಚೀಟಿ ಕೊಡುವುದು, ಅದರ ಮೇಲಿನ ನಂಬರ್ ಒತ್ತಿದರೆ ಪರದೆ ತೆರೆಯುವುದು. ಮುಗಿಯಲು ಐದು ನಿಮಿಷ ಇರುವಾಗ ಪರದೆಯ ಮೂಲೆಯಲ್ಲಿ ಒಂದು ಡಬ್ಬಿ ಮೂಡಿ ಎಚ್ಚರಿಸುವುದು. ಅರ್ಧ ಗಂಟೆಯಾದ ಕೂಡಲೇ ತೆರೆದದ್ದನ್ನೆಲ್ಲ ಮುಚ್ಚಿ, ಅಳಿಸಿ, ಬೀಗ ಹಾಕಿಕೊಳ್ಳುವುದು. ಅದಕ್ಕೆ ಮುಖದಾಕ್ಷಿಣ್ಯ ಇರಲಿಲ್ಲ. ಅದಕ್ಕೇ ನನಗೆ ಹಿಡಿಸಿತು.

ಗಿರಾಕಿಗಳಿಗೆ ಹಿಡಿಸಲಿಲ್ಲ. ನಮ್ಮ ಕಡೆ ಕಾಳು ಅಳೆದಾದ ಮೇಲೆ ಮೇಲೊಂದು ಬೊಗಸೆ ಕೊಸರು ಹಾಕದ ಅಂಗಡಿಗೆ ಎರಡನೇ ಸಲ ಯಾರೂ ಹೋಗುವುದಿಲ್ಲ. ಹತ್ತಿರದ ರಾಜೇಶ್ವರದಿಂದ ತೊಗರಿ ಮಾರಲು ಬಂದವನು, ಪೇಟೆಯಲ್ಲಿ ಬಟ್ಟೆ ಮಾರುವವನು, ಎಲ್ಲರದೂ ಒಂದೇ ರಾಗ: "ಒಂದೈದ್ ಮಿನಿಟ್ ಕೊಸರ ಹಾಕ್ರಿ." ಹೊತ್ತಿಗೆ ಎಲ್ಲಿಯ ಕೊಸರು! ನಾನು ಹಾಕುತ್ತಿರಲಿಲ್ಲ. ನನ್ನ ಹೆಂಡತಿ ಹಾಕುತ್ತಿದ್ದಳು.

ನಾನು ಹುಮನಾಬಾದಿನ ಕಾರ್ಖಾನೆಗಳ ಆಫೀಸಿಗೆ ಕಂಪ್ಯೂಟರ್ ರಿಪೇರಿಗೆ ಹೋದ ದಿನ ಅಂಗಡಿಯಲ್ಲಿ ಆಕೆ ಕೂರುತ್ತಿದ್ದಳು. ಓಡುತ್ತಿರುವ ಚೀಟಿಗೆ ನಿಮಿಷ ಸೇರಿಸುವುದನ್ನು ಎರಡೇ ದಿನದಲ್ಲಿ ಕಲಿತಳು. ನಾನು ಗದರಿದರೆ ನಗುತ್ತಿದ್ದಳು. "ಐದ್ ಮಿನಿಟ್‌ನ್ಯಾಗ ಏನ್ ಮನಿ ಮುಳಗ್ತದ್ರೀ? ಪಾಪ, ಅವರಿಗೂ ಲೈನ್ ಸಿಕ್ಕಿರಂಗಿಲ್ಲ." ನಾನಿದ್ದಾಗ ಬಂದ ಗಿರಾಕಿಗಳು "ಅಕ್ಕಾರು ಇಲ್ಲೇನ್ರಿ?" ಎಂದು ಕೇಳಿ ತಿರುಗಿ ಹೋಗತೊಡಗಿದಾಗ ನನ್ನ ಪಿತ್ತ ನೆತ್ತಿಗೇರಿತು. ನಿಮಿಷ ಸೇರಿಸಬೇಕಾದರೆ ಹಾಕಬೇಕಾದ ಪಾಸ್‌ವರ್ಡನ್ನೇ ಬದಲಿಸಿಬಿಟ್ಟೆ. ಆಕೆಗೆ ಹೇಳಲಿಲ್ಲ. ಆಕೆಯೂ ಕೇಳಲಿಲ್ಲ, ಬಂದವರಿಗೆ ಹೊಸ ಚೀಟಿ ಹರಿದು ಕೊಡತೊಡಗಿದಳು.

ಇನ್ನೊಂದು ಮಾತು ಹೇಳಬೇಕು. ಆಕೆ ಮದುವೆಗೆ ಮುಂಚೆಯೇ ಶಿಕ್ಷಕರ ತರಬೇತಿ ಮುಗಿಸಿದ್ದಳು. ಸರ್ಕಾರಿ ಶಾಲೆಗೆ ಹುದ್ದೆ ಕರೆದಾಗಲೆಲ್ಲ "ಅರ್ಜಿ ಹಾಕ್ಲೇನ್ರಿ?" ಎಂದು ಕೇಳುವಳು. "ಅಂಗಡಿ ಒಂದ್ ಹದಕ್ಕ ಬರ್ಲಿ, ಮುಂದಿನ ಸಲ ನೋಡೋಣು" ಎಂದು ನಾನು ಅನ್ನುವೆನು. ಯಾವುದೋ ಹಳ್ಳಿಗೆ ಕೆಲಸ ಸಿಕ್ಕರೆ ನನ್ನ ಅಂಗಡಿಯಲ್ಲಿ ಕೂರುವವರು ಯಾರು? ನನ್ನ ಚಿಂತೆ ಅಷ್ಟೇ. ಆ ವರ್ಷ ಮತ್ತೆ ಕರೆದರು, ಅರ್ಜಿಯನ್ನು ಇಂಟರ್ನೆಟ್ಟಿನಲ್ಲೇ ತುಂಬಬೇಕಿತ್ತು. ಮುಂದಿನ ಸಲಕ್ಕೆ ಆಕೆಯ ವಯಸ್ಸಿನ ಮಿತಿ ದಾಟಿಹೋಗುತ್ತಿತ್ತು. ಅದು ನನಗೂ ಗೊತ್ತಿತ್ತು. ಆದರೂ "ನೋಡೋಣು ತಗೊ" ಎಂದು ಬಾಯಿ ಮುಚ್ಚಿಸಿದೆ. ಆಕೆ ಮತ್ತೆ ಆ ಸುದ್ದಿ ಎತ್ತಲಿಲ್ಲ. ಆಸೆ ಬಿಟ್ಟಳು ಎಂದುಕೊಂಡೆ.

ಬಿಟ್ಟಿರಲಿಲ್ಲ. ಅರ್ಜಿಗೆ ಕೊನೆಯ ದಿನ ನಾನು ಹುಮನಾಬಾದಿನಲ್ಲಿದ್ದೆ. ಆ ಹಾಳು ಸಾಫ್ಟ್‌ವೇರಿನ ಕೀ, ಅಂದರೆ ಅದನ್ನು ನಡೆಸುವ ಗುಟ್ಟಿನ ನಂಬರ್, ತಿಂಗಳಿಗೊಮ್ಮೆ ಮುಗಿಯುತ್ತಿತ್ತು. ಮರುದಿನಕ್ಕೆ ಹೊಸದು ಬೇಕು, ಡೀಲರ್ "ಈಗ ಕೊಡ್ತೀನಿ, ಕೂಡ್ರಿ ಕೂಡ್ರಿ" ಎಂದು ಮುಂಜಾನೆಯಿಂದ ಚಹಾ ಕುಡಿಸುತ್ತಾ ಕೂರಿಸಿದ್ದ. ಅತ್ತ ಬಸವಕಲ್ಯಾಣದಲ್ಲಿ ನನ್ನ ಹೆಂಡತಿ ಗಿರಾಕಿಗಳು ಕಡಿಮೆಯಾದ ಮಧ್ಯಾಹ್ನ ನೋಡಿ, ತಾನೇ ಒಂದು ಚೀಟಿ ಹರಿದುಕೊಂಡು ಮೂರನೇ ಕಂಪ್ಯೂಟರಿನ ಮುಂದೆ ಕೂತಿದ್ದಳು. ಸಂಜೆ ಐದರವರೆಗೆ ಗಡುವು. ಲೈನು ತೆವಳುತ್ತಿತ್ತು. ಹೆಸರು, ವಿಳಾಸ, ಅಂಕ ಎಲ್ಲ ತುಂಬಿ ಮುಗಿದಿತ್ತು, ಸ್ಕ್ಯಾನ್ ಮಾಡಿಟ್ಟ ಫೋಟೋ ಒಂದು ಹೋಗಬೇಕು. ಅಷ್ಟರಲ್ಲಿ ಮೂಲೆಯ ಡಬ್ಬಿ ಐದು ನಿಮಿಷ ಎಂದಿತು.

ಅಂಗಡಿಯ ಫೋನ್ ಎತ್ತಿದರೆ ಇಂಟರ್ನೆಟ್ ಕಡಿಯುತ್ತದೆ. ಪಕ್ಕದ ಎಸ್‌ಟಿಡಿ ಬೂತಿಗೆ ಓಡಿಹೋಗಿ ಡೀಲರ್ ಅಂಗಡಿಗೆ ಫೋನ್ ಮಾಡಿದಳು. ಡೀಲರ್ ನನ್ನ ಕೈಗೆ ಕೊಟ್ಟ.

"ಏನ್ರೀ, ಒಬ್ಬಾಕಿ ಅರ್ಜಿ ತುಂಬಾಕತ್ತಾಳ. ಇವತ್ತೇ ಕಡೀ ದಿನ. ಐದ್ ಮಿನಿಟ್ ಬೇಕಾಗ್ಯಾವ, ಪಾಸ್‌ವರ್ಡ್ ಹೇಳ್ರಿ."

"ಇನ್ನೊಂದ್ ಚೀಟಿ ತಗೊ ಅನ್ನು ಆಕೀಗೆ."

"ಚೀಟಿ ಬದಲಾದ್ರ ಎಲ್ಲಾ ಅಳಿಸಿ ಹೋಗ್ತದ್ರಿ. ಮೊದಲಿಂದ ತುಂಬಬೇಕಾಗ್ತದ."

"ತುಂಬ್ಲಿ. ಇವತ್ತ ಆಕೀಗೆ ಕೊಟ್ರ ನಾಳೆ ಊರಿಗೆ ಊರೇ ಬಂದು ನಿಲ್ತದ."

ಡೀಲರ್ ಕೇಳಿಸಿಕೊಂಡು ನಗುತ್ತಿದ್ದ. ನನಗೆ ಇನ್ನಷ್ಟು ಹುರುಪು ಬಂತು. ಆಕೆ ಬಿಡದೆ, "ಭಾಳ ಗರಜ್ ಅದರೀ ಆಕೀಗೆ" ಎಂದಳು.

"ಎಲ್ಲಾರಿಗೂ ಗರಜೇ ಇರ್ತದ" ಎಂದು ನಾನು ಫೋನ್ ಇಟ್ಟೆ. ಇಟ್ಟ ಮೇಲೆ ಡೀಲರ್‌ಗೆ, ಹೆಂಗಸರನ್ನು ಅಂಗಡಿಯಲ್ಲಿ ಕೂರಿಸಿದರೆ ಹೀಗೇ, ಎಂದೂ ಹೇಳಿದೆ. ಇವತ್ತಿಗೂ ಆ ಮಾತು ನೆನೆದರೆ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಆಕೆ ಬೂತಿನಿಂದ ಮರಳುವಷ್ಟರಲ್ಲಿ ಪರದೆಗೆ ಬೀಗ ಬಿದ್ದಿತ್ತು. ಇನ್ನೊಂದು ಚೀಟಿ ಹರಿದು ಮೊದಲಿನಿಂದ ಶುರು ಮಾಡಿದಳು. ಅರ್ಧಕ್ಕೆ ಬಂದಾಗ ಕರೆಂಟ್ ಹೋಯಿತು. ಬ್ಯಾಟರಿ ಹತ್ತು ನಿಮಿಷ ಎಳೆದು ಸತ್ತಿತು. ಕರೆಂಟ್ ಬಂದದ್ದು ಐದೂವರೆಗೆ.

ನಾನು ದೀಪ ಹಚ್ಚುವ ಹೊತ್ತಿಗೆ ಬಸ್ಸಿಳಿದು, ಹೊಸ ಕೀ ಬರೆದ ಕಾಗದ ಕಿಸೆಯಲ್ಲಿಟ್ಟುಕೊಂಡು ಗೆದ್ದವನ ಹಾಗೆ ಅಂಗಡಿಗೆ ಬಂದೆ. ಮೂರನೇ ಕಂಪ್ಯೂಟರಿನ ಮೇಜಿನ ಮೇಲೆ ಆಕೆಯ ತರಬೇತಿಯ ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಒಂದು ಸಣ್ಣ ಫೋಟೋ ಹರಡಿದ್ದವು. ಫೋಟೋಗೆಂದು ಆಕೆ ಯಾವಾಗ ಸ್ಟುಡಿಯೋಗೆ ಹೋಗಿದ್ದಳೋ ನನಗೆ ತಿಳಿಯದು. ಏನಿದು ಎಂದು ಕೇಳಿದೆ. ಆಕೆ ಅಳಲಿಲ್ಲ. ಮಧ್ಯಾಹ್ನದಿಂದ ನಡೆದದ್ದನ್ನೆಲ್ಲ ಸಂತೆಯ ಸುದ್ದಿ ಹೇಳುವಂತೆ ಹೇಳಿದಳು.

ತಪ್ಪು ನನ್ನದೆಂದು ಗೊತ್ತಾದಾಗ ನಾನು ಮಾಡುವುದೊಂದೇ, ಕೂಗಾಡುವುದು. ಆವತ್ತೂ ಅದನ್ನೇ ಮಾಡಿದೆ.

"ನಂದ ಅರ್ಜಿ ಅಂತ ಬಾಯಿ ಬಿಟ್ಟು ಹೇಳಾಕ ಏನಾಗಿತ್ತು ನಿನಗ? ಒಬ್ಬಾಕಿ ಅಂತ ಒಬ್ಬಾಕಿ! ಹೇಳಿದ್ರ ನಾ ಏನ್ ನುಂಗ್ತಿದ್ದೆನು?"

ಆಕೆ ಕಾಗದಗಳನ್ನು ಒಂದೊಂದಾಗಿ ಎತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕುತ್ತಿದ್ದಳು. ಹಾಕುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ಗಿರಾಕಿ ಅಂದ್ರ ಕೊಟ್ಟೀರೇನೋ ಅಂತ ಆಸೆ ಇತ್ರಿ. ನಂದು ಅಂದಿದ್ರ ಕೊಡ್ತಿದ್ರೇನು?"

ಕೊಡುತ್ತಿದ್ದೆ ಅನ್ನಲು ಬಾಯಿ ತೆರೆದೆ. ಆಕೆ ಚೀಲ ಹಿಡಿದುಕೊಂಡು ಕಾಯುತ್ತಾ ನಿಂತಿದ್ದಳು. ನನಗೆ ಹೇಳಲು ಆಗಲಿಲ್ಲ.