ಬಿಳಿ ಹಾಳೆಯ ಮೇಲಿನ ಸಹಿ

ರೋಣದ ಕೋರ್ಟಿನಲ್ಲಿ ನಾನು ಸಾಕ್ಷಿಗಳ ಹೇಳಿಕೆ ಟೈಪ್ ಮಾಡುತ್ತಿದ್ದಾಗ ಅಲ್ಲಿಗೆ ಒಬ್ಬ ಸರ್ಕಾರಿ ವಕೀಲೆ ಬಂದಿದ್ದರು. ಮಾತಿಗೆ ಮುಂಚೆ ಕನ್ನಡಕ ತೆಗೆದು ಸೆರಗಿನಿಂದ ಒರೆಸುವರು. ಪ್ರತಿ ಸಾಕ್ಷಿಗೂ ಅವರದು ಒಂದೇ ಮಾತು: “ಕಂಡದ್ದಷ್ಟ ಹೇಳ್ರಿ.”

ಶಿರೋಳದ ಒಬ್ಬ ಹೆಂಗಸು ಕೆಲಸಕ್ಕಿದ್ದ ಮನೆಯಲ್ಲಿ ಬಂಗಾರದ ಬಳೆ ಕದ್ದಳೆಂದು ಎರಡು ತಿಂಗಳಿಂದ ಜೈಲಿನಲ್ಲಿದ್ದಳು. ಬಳೆ ಅವಳ ಮನೆಯಲ್ಲೇ ಸಿಕ್ಕಿತೆಂಬ ಪಂಚನಾಮೆಗೆ ಸಹಿ ಹಾಕಿದ್ದ ಚಹದಂಗಡಿಯವನು, ವಿಚಾರಣೆಯ ದಿನ ವರಾಂಡದಲ್ಲಿ ವಕೀಲೆಯ ಹತ್ತಿರ ಬಂದು ಪಿಸುಗುಟ್ಟಿದ: “ಮೇಡಂ, ನಾ ಯಾವ ಬಂಗಾರಾನೂ ನೋಡಿಲ್ರಿ. ಬಿಳಿ ಹಾಳಿ ಮ್ಯಾಲ ಸಹಿ ತಗೊಂಡಾರ್ರಿ.”

ಹಿಂದೆಯೇ ನಿಂತಿದ್ದ ತನಿಖಾಧಿಕಾರಿ ಅದನ್ನು ಕೇಳಿಸಿಕೊಂಡರು. “ಇವನ್ನ ಕೈಬಿಡ್ರಿ ಮೇಡಂ. ಬ್ಯಾರೆ ಸಾಕ್ಷಿ ಅದಾರ. ಕೇಸ್ ನಮ್ಮ ಕಡೇನ ಆಗತೈತಿ.”

ವಕೀಲೆ ಕನ್ನಡಕ ಒರೆಸಿಕೊಂಡು ಒಳಗೆ ಹೋದರು. ಅವನನ್ನೇ ಮೊದಲು ಕರೆಸಿದರು. ಕಟಕಟೆ ಹತ್ತಿದವನ ಕಣ್ಣು ಬಾಗಿಲಲ್ಲಿದ್ದ ಅಧಿಕಾರಿಯ ಮೇಲೇ ಇತ್ತು. ವಕೀಲೆ ಸರಿದು ಅವರಿಬ್ಬರ ನಡುವೆ ನಿಂತರು.

“ಈಗ ನನ್ನ ನೋಡ್ರಿ. ಕಂಡದ್ದಷ್ಟ ಹೇಳ್ರಿ.”

ಅವನು ಹೇಳಿಬಿಟ್ಟ. ನ್ಯಾಯಾಧೀಶರು “ಟೈಪ್ ಮಾಡ್ರಿ” ಎಂದಾಗಲೇ ನನ್ನ ಬೆರಳು ನಿಂತದ್ದು ನನಗೆ ತಿಳಿದದ್ದು.

ಕೇಸು ಬಿದ್ದುಹೋಯಿತು. ಬಿಡುಗಡೆಯಾದ ಹೆಂಗಸು ಓಡಿಬಂದು ವಕೀಲೆಯ ಕಾಲಿಗೆ ಬಾಗಿದಳು. ಅವರು ಹಿಂದೆ ಸರಿದರು.

“ಬ್ಯಾಡವಾ. ನಿನಗ ಜಾಮೀನು ಕೊಡಬ್ಯಾಡ್ರಿ ಅಂತ ಇದ ಕೋರ್ಟಿನ್ಯಾಗ ವಾದಾ ಮಾಡಿದಾಕಿ ನಾನ.”

ಹೆಂಗಸು ಎದ್ದು ಅವರ ಮುಖವನ್ನೇ ನೋಡಿದಳು. ವಕೀಲೆ ಕಣ್ಣು ತಪ್ಪಿಸಲಿಲ್ಲ.

ಆಮೇಲೆ ರೋಣದಲ್ಲಿ ಇದ್ದಷ್ಟು ದಿನವೂ, ಪಂಚನಾಮೆಗೆ ಸಹಿ ಹಾಕಿದವರನ್ನು ತಾವೇ ಕೇಳಿ ತಿಳಿಯದೆ ಅವರು ಯಾರ ಜಾಮೀನಿಗೂ ಅಡ್ಡ ನಿಲ್ಲಲಿಲ್ಲ.